ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುನ್ನ: ಲಿನಕ್ಸ್‌ನ ಲೈಬ್ರರಿ ಜಗಳ, ಟಚ್‌ಪ್ಯಾಡ್ ಹಟ ಬಿಡಿಸುವುದು ಹೇಗೆ?

ತೇವಾರಂ: ತಮಿಳುನಾಡಿನಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಪ್ಲಸ್ ಟು ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆಗೆ ಅಂದಿನ ಮುಖ್ಯಮಂತ್ರಿ ಜೆ. ಜಯಲಲಿತಾ 2011ರ ಸೆಪ್ಟೆಂಬರ್ 15ರಂದು ಚಾಲನೆ ನೀಡಿದ್ದರು. ಘಟ್ಟದ ಬುಡದಲ್ಲಿರುವ ತೇನಿ ಜಿಲ್ಲೆಯ ತೇವಾರಂ, ಕಂಬಂ, ಉತ್ತಮಪಾಳಯದಂತಹ ಊರುಗಳ ಮನೆಗಳಿಗೂ ಹೀಗೆ ಮೊದಲ ಬಾರಿಗೆ ಒಂದು ಗಣಕ ಬಂತು. ಅಂದು ಅದನ್ನು ಪಡೆದ ಹುಡುಗ ಹುಡುಗಿಯರು ಇಂದು ಕೆಲಸದಲ್ಲಿದ್ದಾರೆ, ಸಂಸಾರಸ್ಥರಾಗಿದ್ದಾರೆ. ಯಂತ್ರ ಮಾತ್ರ ಬೀರುವಿನ ಮೇಲೆ ಬಟ್ಟೆ ಹೊದ್ದು ಕುಳಿತಿದೆ. ಮನೆಯಲ್ಲಿ ಈಗ ಓದುತ್ತಿರುವ ಕಿರಿಯರಿಗೆ ಅದು ಸಿಕ್ಕರೆ ಒಂದು ದೊಡ್ಡ ಖರ್ಚು ಉಳಿಯುತ್ತದೆ. ಆದರೆ ತೆಗೆದು ನೋಡಿದವರ ದೂರು ಸಾಮಾನ್ಯವಾಗಿ ಎರಡೇ: "ಏನು ಹಾಕಹೋದರೂ ಲೈಬ್ರರಿ ಇಲ್ಲ ಅನ್ನುತ್ತದೆ", "ಮೌಸ್ ಬಾಣ ಹೇಳಿದ ಮಾತು ಕೇಳುವುದಿಲ್ಲ".

ಇಂತಹ ಯಂತ್ರವನ್ನು ಅಂಗಡಿಗೆ ಒಯ್ದರೆ ಸಿಗುವ ಮದ್ದು ಬಹುತೇಕ ಒಂದೇ. ಫಾರ್ಮ್ಯಾಟ್ ಮಾಡಿ, ಪರವಾನಗಿ ಇಲ್ಲದ ವಿಂಡೋಸ್ ಹಾಕಿ ಕೊಡುವುದು. ಅದರೊಂದಿಗೆ ಹಳೆಯ ಫೋಟೋಗಳೂ ಪ್ರಾಜೆಕ್ಟ್ ಕಡತಗಳೂ ಹೋಗುತ್ತವೆ. ಇಲ್ಲವೇ ಗುಜರಿಯವನ ತಕ್ಕಡಿ. ಎರಡೂ ಅನಗತ್ಯ. ಮೇಲಿನ ಎರಡು ದೂರುಗಳ ಹಿಂದೆ ಇರುವುದು ಹೆಚ್ಚಾಗಿ ಕೆಟ್ಟ ಯಂತ್ರವಲ್ಲ, ಒಂದೇ ಕೆಲಸಕ್ಕೆ ಇಬ್ಬರು ಯಜಮಾನರು ನಿಂತಿರುವುದು. ಯಾವ ಯಜಮಾನ ಬೇಡದವನು ಎಂದು ಮೊದಲು ಗುರುತಿಸಬೇಕು, ಆಮೇಲೆ ಕೈ ಹಾಕಬೇಕು. ಈ ಕ್ರಮ ತಪ್ಪುವುದರಿಂದಲೇ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಆರಂಭದ ವರ್ಷಗಳ ಈ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜತೆಗೆ ಬಾಸ್ ಲಿನಕ್ಸ್ ಕೂಡ ಇತ್ತು. ಕೇಂದ್ರ ಸರಕಾರದ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಎಂಬ ಜಾಗತಿಕ ಲಿನಕ್ಸ್ ವಿತರಣೆಯನ್ನು ಆಧರಿಸಿ, ಭಾರತೀಯ ಭಾಷೆಗಳ ಬೆಂಬಲ ಸೇರಿಸಿ ರೂಪಿಸಿದ ವ್ಯವಸ್ಥೆ ಇದು. ಯಂತ್ರ ಶುರುವಾದಾಗ ಯಾವುದು ಬೇಕು ಎಂದು ಕೇಳುತ್ತಿತ್ತು. ಹೆಚ್ಚಿನ ಮಕ್ಕಳು ವಿಂಡೋಸ್ ಒತ್ತಿದರು, ಬಾಸ್ ಹಾಗೆಯೇ ಉಳಿಯಿತು. ಅಂದಿನ ಆವೃತ್ತಿಗಳಿಗೆ ಇಂದು ಭದ್ರತಾ ಪರಿಷ್ಕರಣೆ ಇಲ್ಲ. ಆದ್ದರಿಂದ ಹಳೆಯದನ್ನೇ ತೇಪೆ ಹಾಕುವ ಬದಲು ಹೊಸ ಡೆಬಿಯನ್ ಅಥವಾ ಅದೇ ಕುಲದ ಬೇರೊಂದು ಲಿನಕ್ಸನ್ನು, ಎಕ್ಸ್‌ಎಫ್‌ಸಿಇ ಯಂತಹ ಹಗುರ ಡೆಸ್ಕ್‌ಟಾಪ್ ಜತೆಗೆ ಹಾಕುವುದು ಲೇಸು. ಕಡಿಮೆ ಮೆಮೊರಿಯ ಯಂತ್ರಕ್ಕೆ ಗ್ನೋಮ್ ಭಾರ. ಹೊಸದಾಗಿ ಹಾಕಿದ ಮೇಲೂ ಮೇಲಿನ ಎರಡು ದೂರುಗಳು ಮತ್ತೆ ತಲೆ ಎತ್ತಬಹುದು. ಏಕೆಂದರೆ ಅವು ಬರುವುದು ನಾವು ಆಮೇಲೆ ಸೇರಿಸುವ ಸಂಗತಿಗಳಿಂದ.

(ಮುಂದೆ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಒತ್ತಬೇಕು.)

ಮೊದಲು ಪ್ಲಗ್ ನೋಡಿ

ಬಾಣ ತಾನಾಗಿ ನಡುಗುತ್ತಿದ್ದರೆ ಸೆಟ್ಟಿಂಗ್ಸ್ ತೆರೆಯುವ ಮುನ್ನ ಗೋಡೆಯ ಕಡೆ ನೋಡುವುದು ಒಳ್ಳೆಯದು. ನಮ್ಮ ಮನೆಗಳಲ್ಲಿ ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಹೇಗೋ ಸಿಕ್ಕಿಸುವುದು ಮಾಮೂಲು. ಅರ್ತಿಂಗ್ ಇಲ್ಲದಿದ್ದರೆ ಚಾರ್ಜರ್‌ನಿಂದ ಬರುವ ಸಣ್ಣ ವಿದ್ಯುತ್ ಸೋರಿಕೆ ಟಚ್‌ಪ್ಯಾಡನ್ನು ಗೊಂದಲಕ್ಕೀಡು ಮಾಡುತ್ತದೆ. ಬೆರಳಿನ ಸ್ಪರ್ಶವನ್ನು ಅದು ಅಳೆಯುವುದೇ ವಿದ್ಯುತ್ತಿನ ಸೂಕ್ಷ್ಮ ವ್ಯತ್ಯಾಸದಿಂದ. ಚಾರ್ಜರ್ ಕಿತ್ತಾಗ ಬಾಣ ಸರಿಹೋದರೆ ತಪ್ಪು ಲಿನಕ್ಸ್‌ನದಲ್ಲ. ಬ್ಯಾಟರಿ ಸತ್ತಿದ್ದು ಚಾರ್ಜರ್ ಕೀಳಲಾಗದಿದ್ದರೆ, ಸರಿಯಾದ ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್‌ಗೆ ಹಾಕಿ ನೋಡಬೇಕು.

ಎರಡನೆಯದು ಬ್ಯಾಟರಿ. ಬ್ಯಾಟರಿ ಒಳಗೇ ಇರುವ ಮಾದರಿಗಳಲ್ಲಿ ಅದು ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುವುದುಂಟು. ಆಗ ಕ್ಲಿಕ್ ತಾನಾಗಿ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಲ್ಯಾಪ್‌ಟಾಪನ್ನು ಸಮತಟ್ಟು ಮೇಜಿನ ಮೇಲಿಟ್ಟಾಗ ಅಲುಗಾಡಿದರೆ, ಟಚ್‌ಪ್ಯಾಡ್ ಅಂಚು ಮೇಲೆದ್ದಿದ್ದರೆ ಯಂತ್ರವನ್ನು ಕೂಡಲೇ ಆರಿಸಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ. ಅದನ್ನು ಚುಚ್ಚಬಾರದು, ಒತ್ತಬಾರದು, ತಿಳಿದವರಿಂದ ತೆಗೆಸಬೇಕು. ಇಲ್ಲಿ ಯಾವ ಆಜ್ಞೆಯೂ ಕೆಲಸಕ್ಕೆ ಬರುವುದಿಲ್ಲ.

ಕೀಲಿಮಣೆ ಸತ್ತಿತು ಎನ್ನುವ ದೂರಿನಲ್ಲೂ ಇಂತಹ ಸರಳ ಕಾರಣ ಇರಬಹುದು. ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಹಲವು ಡೆಸ್ಕ್‌ಟಾಪ್‌ಗಳಲ್ಲಿ 'ಸ್ಲೋ ಕೀಸ್' ಎಂಬ ಸೌಲಭ್ಯ ಚಾಲೂ ಆಗುತ್ತದೆ. ಕೈ ನಡುಗುವವರಿಗೆಂದು ಮಾಡಿದ್ದು ಅದು. ಪ್ರತಿ ಕೀಲಿಯನ್ನೂ ಸ್ವಲ್ಪ ಹೊತ್ತು ಅದುಮಿ ಹಿಡಿಯದೆ ಅಕ್ಷರ ಮೂಡುವುದಿಲ್ಲ. ಮಕ್ಕಳು ಆಟವಾಡುವಾಗ ಅರಿವಿಲ್ಲದೆ ಇದು ಶುರುವಾಗಿರುತ್ತದೆ. ಮತ್ತೆ ಎಂಟು ಸೆಕೆಂಡು ಹಿಡಿದರೆ ಮೊದಲಿನಂತಾಗುತ್ತದೆ. ಹಾಗೆಯೇ ಎಫ್‌ಎನ್ ಕೀಲಿಯೊಡನೆ ಮೇಲಿನ ಸಾಲಿನ ಯಾವುದೋ ಕೀಲಿ ತಾಗಿ ಟಚ್‌ಪ್ಯಾಡ್ ಬಂದಾಗಿರುವುದೂ ಉಂಟು.

ಹೊಸ ಖಾತೆಯ ಪರೀಕ್ಷೆ

ಇವೆಲ್ಲ ಸರಿ ಇದ್ದೂ ತೊಂದರೆ ಉಳಿದರೆ, ಮುಂದಿನ ಹೆಜ್ಜೆ ಯಂತ್ರದಲ್ಲಿ ಹೊಸ ಬಳಕೆದಾರರ ಖಾತೆಯೊಂದನ್ನು ತೆರೆದು ಅದರಲ್ಲಿ ಲಾಗಿನ್ ಆಗುವುದು. ಐದು ನಿಮಿಷದ ಈ ಕೆಲಸ ಐದು ಗಂಟೆಯ ಹುಡುಕಾಟ ಉಳಿಸುತ್ತದೆ. ಲಿನಕ್ಸ್‌ನಲ್ಲಿ ಒಬ್ಬೊಬ್ಬರ ಸೆಟ್ಟಿಂಗ್ ಅವರವರ ಹೋಮ್ ಫೋಲ್ಡರ್‌ನಲ್ಲಿ, ಬಹುಪಾಲು 'ಡಾಟ್ ಕಾನ್ಫಿಗ್' ಎಂಬ ಮರೆಯ ಫೋಲ್ಡರ್‌ನಲ್ಲಿ ಇರುತ್ತದೆ. ಲೈಬ್ರರಿಗಳು ಇರುವುದು ಎಲ್ಲರಿಗೂ ಸಾಮಾನ್ಯವಾದ ಜಾಗದಲ್ಲಿ. ಹೊಸ ಖಾತೆಯಲ್ಲಿ ಎಲ್ಲ ಸರಿಯಾಗಿ ನಡೆದರೆ ದೋಷ ಹಳೆಯ ಖಾತೆಯ ಸೆಟ್ಟಿಂಗ್‌ನಲ್ಲಿದೆ. ಅಲ್ಲೂ ಅದೇ ಗೋಳಾದರೆ ದೋಷ ಲೈಬ್ರರಿ, ಡ್ರೈವರ್ ಅಥವಾ ಯಂತ್ರದ್ದು. ವೈದ್ಯರು ಮೊದಲು ನಾಡಿ ಹಿಡಿಯುತ್ತಾರಲ್ಲ, ಹಾಗೆ. ಅಂತರಜಾಲದಲ್ಲಿ ಸಿಕ್ಕ ಆಜ್ಞೆಯನ್ನು ನಾಡಿ ನೋಡದೆ ನಕಲು ಮಾಡುವವರೇ ಹೆಚ್ಚು.

ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ

ಇಲ್ಲಿ ಲೈಬ್ರರಿ ಎಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೆಲಸಗಳ ಕಟ್ಟು. ಊರಿನ ಹಿಟ್ಟಿನ ಗಿರಣಿ ಇದ್ದಂತೆ. ಪ್ರತಿ ಮನೆಯಲ್ಲೂ ಗಿರಣಿ ಇಟ್ಟುಕೊಳ್ಳುವುದಿಲ್ಲ, ಎಲ್ಲರೂ ಅಲ್ಲಿಗೇ ಒಯ್ದು ಬೀಸಿಸುತ್ತಾರೆ. ಕಿಟಕಿ ತೋರಿಸುವುದಕ್ಕೆ ಒಂದು ಲೈಬ್ರರಿ, ಅಕ್ಷರ ಜೋಡಿಸುವುದಕ್ಕೆ ಒಂದು, ಜಾಲತಾಣದ ಗುಟ್ಟು ಕಾಯುವುದಕ್ಕೆ ಇನ್ನೊಂದು. ಇದರಿಂದ ಜಾಗ ಉಳಿಯುತ್ತದೆ, ಒಂದು ಕಡೆ ತಪ್ಪು ತಿದ್ದಿದರೆ ಎಲ್ಲರಿಗೂ ತಿದ್ದಿದಂತಾಗುತ್ತದೆ. ತೊಡಕೂ ಇಲ್ಲಿಯೇ. ಗಿರಣಿಯವನು ಕಲ್ಲು ಬದಲಿಸಿ ಇನ್ನು ನುಣ್ಣನೆ ಹಿಟ್ಟು ಮಾತ್ರ ಎಂದರೆ ರವೆ ಬೇಕಾದ ಮನೆ ಪೇಚಿಗೆ ಬೀಳುತ್ತದೆ.

ಲೈಬ್ರರಿ ಕಡತದ ಹೆಸರಿನ ಕೊನೆಗೆ 'ಎಸ್‌ಒ' ಎಂದಿದ್ದು ಅದರ ಮುಂದೆ ಒಂದು ಅಂಕಿ ಇರುತ್ತದೆ. ಆ ಅಂಕಿ ಒಂದು ಕರಾರು: ಈ ಅಂಕಿ ಇರುವ ತನಕ ನಾನು ಇದೇ ಬಗೆಯಲ್ಲಿ ಕೆಲಸ ಮಾಡಿಕೊಡುತ್ತೇನೆ ಎಂಬ ಮಾತು. ಅಂಕಿ ಬದಲಾದರೆ ಕರಾರು ಮುಗಿಯಿತು. ಒಳ್ಳೆಯ ಉದಾಹರಣೆ ಓಪನ್‌ಎಸ್‌ಎಸ್‌ಎಲ್. ಇದರ 3.0 ಆವೃತ್ತಿ 2021ರ ಸೆಪ್ಟೆಂಬರ್‌ನಲ್ಲಿ ಬಂತು. ಉಬುಂಟು 22.04, ಡೆಬಿಯನ್ 12 ಎರಡೂ ಅದಕ್ಕೆ ಬದಲಾದವು. ಅದಕ್ಕೂ ಮೊದಲು ತಯಾರಾದ ತಂತ್ರಾಂಶಗಳು 'ಲಿಬ್‌ಎಸ್‌ಎಸ್‌ಎಲ್ ಎಸ್‌ಒ 1.1 ಸಿಗಲಿಲ್ಲ' ಎಂದು ಹೇಳಿ ಕುಳಿತವು.

ಇಂತಹ ಹೊತ್ತಿನಲ್ಲಿ ಅಂತರಜಾಲದಲ್ಲಿ ಸಿಗುವ ಒಂದು ಸಲಹೆ ಬಹಳ ಕೆಟ್ಟದ್ದು: ಹೊಸ ಲೈಬ್ರರಿಗೆ ಹಳೆಯ ಹೆಸರಿನ ಕೊಂಡಿ ಹಾಕಿ ಮೋಸಗೊಳಿಸುವುದು. ರಾಗಿ ಚೀಲಕ್ಕೆ ಅಕ್ಕಿಯ ಚೀಟಿ ಅಂಟಿಸಿದಂತೆ ಇದು. ಬಾಗಿಲಲ್ಲಿ ದೂರು ನಿಲ್ಲುತ್ತದೆ, ಒಳಗೆ ಹೋದ ಮೇಲೆ ತಂತ್ರಾಂಶ ಮುಗ್ಗರಿಸುತ್ತದೆ. ಹಳೆಯ ಲೈಬ್ರರಿಯನ್ನೇ ಎಲ್ಲಿಂದಲೋ ತಂದು ಹಾಕುವುದೂ ಕ್ಷೇಮವಲ್ಲ. ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್‌ಗೇ ಮುಗಿದಿದೆ. ಅದೇ ತಂತ್ರಾಂಶದ ಹೊಸ ಆವೃತ್ತಿಯನ್ನು ವಿತರಣೆಯ ಸ್ವಂತ ಭಂಡಾರದಿಂದ ಪಡೆಯುವುದು ಸರಿಯಾದ ದಾರಿ. ಅಲ್ಲಿ ಇಲ್ಲದಿದ್ದರೆ ಫ್ಲಾಟ್‌ಪ್ಯಾಕ್ ರೂಪದಲ್ಲಿ ಪಡೆಯಬಹುದು. ಅದು ತನಗೆ ಬೇಕಾದ ಲೈಬ್ರರಿಗಳನ್ನು ಬೇರೆಯಾಗಿ ತರುತ್ತದೆ, ಊರ ಗಿರಣಿಯ ತಂಟೆಗೆ ಹೋಗುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ಮಾತ್ರ ಹೆಚ್ಚು ತಿನ್ನುತ್ತದೆ.

ಇನ್ನೊಂದು ಬಗೆಯ ಜಗಳದಲ್ಲಿ ಲೈಬ್ರರಿ ಕಾಣೆಯಾಗಿರುವುದಿಲ್ಲ, ಎರಡಿರುತ್ತವೆ. ಕಾಲೇಜಿನ ಮಕ್ಕಳು ಪೈಥಾನ್ ಕಲಿಯಲು ಅನಕೊಂಡಾ ಹಾಕಿಕೊಳ್ಳುತ್ತಾರೆ. ಎಂಜಿನಿಯರಿಂಗ್‌ನವರು ಮತ್ತೊಂದು ದೊಡ್ಡ ತಂತ್ರಾಂಶ ಹಾಕುತ್ತಾರೆ. ಇವು ತಮ್ಮದೇ ಲೈಬ್ರರಿ ಕಟ್ಟನ್ನು ಹೊತ್ತು ತರುತ್ತವೆ. ಯಾರೋ ಹೇಳಿದರೆಂದು 'ಎಲ್‌ಡಿ ಲೈಬ್ರರಿ ಪಾತ್' ಎಂಬ ಹಾದಿಯ ಸೂಚನೆಯನ್ನು ಬ್ಯಾಶ್‌ಆರ್‌ಸಿ ಅಥವಾ ಪ್ರೊಫೈಲ್ ಕಡತದಲ್ಲಿ ಬರೆದುಬಿಟ್ಟರೆ, ಅಂದಿನಿಂದ ಆ ಖಾತೆಯಲ್ಲಿ ಶುರುವಾಗುವ ಪ್ರತಿ ತಂತ್ರಾಂಶವೂ ಮೊದಲು ಅಲ್ಲಿಗೇ ಹೋಗಿ ತಪ್ಪು ಗಿರಣಿಯ ಬಾಗಿಲು ತಟ್ಟುತ್ತದೆ. 'ಜಿಎಲ್‌ಐಬಿಸಿ‌ಎಕ್ಸ್‌ಎಕ್ಸ್ ಆವೃತ್ತಿ ಸಿಗಲಿಲ್ಲ' ಎಂಬ ಸಂದೇಶ ಬಂದರೆ ಹಲವು ಸಲ ಇದೇ ಕಾರಣ. ಇದು ಖಾತೆಯ ಒಳಗಿನ ಬರಹವಾದ್ದರಿಂದ ಹೊಸ ಖಾತೆಯ ಪರೀಕ್ಷೆಯಲ್ಲಿ ತಟ್ಟನೆ ಗೊತ್ತಾಗುತ್ತದೆ. ಆ ಸಾಲನ್ನು ಅಳಿಸಿ ಮತ್ತೆ ಲಾಗಿನ್ ಆದರೆ ಮುಗಿಯಿತು.

ಯಾವ ತಂತ್ರಾಂಶ ಯಾವ ಲೈಬ್ರರಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತಿದೆ ಎಂದು ತಿಳಿಯಲು 'ಎಲ್‌ಡಿಡಿ' ಎಂದು ಒತ್ತಿ, ಒಂದು ಜಾಗ ಬಿಟ್ಟು, ಆ ತಂತ್ರಾಂಶದ ಪೂರ್ಣ ವಿಳಾಸ ಕೊಡಬೇಕು. ಪಟ್ಟಿಯಲ್ಲಿ 'ನಾಟ್ ಫೌಂಡ್' ಎಂದಿರುವ ಸಾಲೇ ಕಾಣೆಯಾದ ಲೈಬ್ರರಿ. ವಿಳಾಸ 'ಯುಎಸ್‌ಆರ್' ಅಥವಾ 'ಲಿಬ್' ಎಂದು ಶುರುವಾಗದೆ ಹೋಮ್ ಫೋಲ್ಡರ್ ಅಥವಾ 'ಆಪ್ಟ್' ಫೋಲ್ಡರ್ ಕಡೆ ತೋರಿಸುತ್ತಿದ್ದರೆ ಅದು ಹೊರಗಿನಿಂದ ಬಂದ ಪ್ರತಿ. ಒಂದು ಎಚ್ಚರಿಕೆ: ನಂಬಿಕೆ ಇಲ್ಲದ ಕಡತದ ಮೇಲೆ ಎಲ್‌ಡಿಡಿ ಓಡಿಸಬಾರದು. ಕೆಲವು ಸಂದರ್ಭದಲ್ಲಿ ಅದು ಆ ಕಡತವನ್ನೇ ಚಾಲೂ ಮಾಡಿಬಿಡಬಹುದು.

ಮೂರನೆಯ ಕಾರಣ ನಮ್ಮ ಕಡೆಯ ವಿಶೇಷ: ಕರೆಂಟ್. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ನೇರವಾಗಿ ಕರೆಂಟಿನ ಮೇಲೆ ಓಡುತ್ತಿರುತ್ತದೆ. ಪರಿಷ್ಕರಣೆ ಅರ್ಧ ನಡೆದಿರುವಾಗ ಕರೆಂಟ್ ಹೋದರೆ ಒಂದು ಲೈಬ್ರರಿ ಹೊಸದು, ಅದರ ಜೊತೆಗಾರ ಹಳೆಯದು ಎಂಬಂತಾಗುತ್ತದೆ. ಮರುದಿನ ಡೆಸ್ಕ್‌ಟಾಪ್ ಬರುವುದಿಲ್ಲ, ಕಪ್ಪು ಪರದೆ. ಗುಜರಿಗೆ ಹೋದ ಯಂತ್ರಗಳಲ್ಲಿ ಇಂಥವೂ ಸೇರಿದ್ದರೆ ಆಶ್ಚರ್ಯವಿಲ್ಲ. ಪರಿಹಾರ ಕಠಿಣವಲ್ಲ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರದ ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಎಂದು ಕೊಡಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಅದು ಮುಂದುವರಿಸುತ್ತದೆ. ನಂತರ 'ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಸಾಕಷ್ಟು ಸಲ ಇಷ್ಟರಲ್ಲೇ ಯಂತ್ರ ಏಳುತ್ತದೆ.

ಆದರೆ ಈ ಎರಡನೆಯ ಆಜ್ಞೆಗೆ 'ವೈ' ಒತ್ತುವ ಮುನ್ನ ಅದು ತೋರಿಸುವ ಪಟ್ಟಿಯನ್ನು ಓದಲೇಬೇಕು. 'ಈ ಪ್ಯಾಕೇಜ್‌ಗಳನ್ನು ತೆಗೆಯಲಾಗುವುದು' ಎಂಬ ಅರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಹತ್ತಾರು ಹೆಸರಿದ್ದರೆ, ಅದರಲ್ಲಿ ಡೆಸ್ಕ್‌ಟಾಪ್‌ನ ಹೆಸರೂ ಕಂಡರೆ, ಅಲ್ಲೇ ನಿಲ್ಲಬೇಕು. ಓದದೆ ಮುಂದೆ ಹೋದವರಿಗೆ ಏನಾಗುತ್ತದೆಂದು ತಿಳಿಯಲು 2021ರ ನವೆಂಬರ್‌ನ ಪ್ರಸಂಗ ಸಾಕು. ಕೆನಡಾದ ಪ್ರಸಿದ್ಧ ತಂತ್ರಜ್ಞಾನ ವಿಡಿಯೋಕಾರ ಲೈನಸ್ ಸೆಬಾಸ್ಟಿಯನ್, ಪಾಪ್ ಒಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶ ಹಾಕಲು ಹೋದರು. ಭಂಡಾರದಲ್ಲಿದ್ದ ಪ್ಯಾಕೇಜ್‌ಗಳ ನಡುವೆ ಹೊಂದಾಣಿಕೆ ತಪ್ಪಿತ್ತು. ಸ್ಟೀಮ್ ಬೇಕಾದರೆ ಡೆಸ್ಕ್‌ಟಾಪನ್ನೇ ತೆಗೆಯುವೆ ಎಂದು ಯಂತ್ರ ಎಚ್ಚರಿಸಿತು. ನಿಜಕ್ಕೂ ಬೇಕಾದರೆ 'ಹೌದು, ನಾನು ಹೇಳಿದಂತೆ ಮಾಡು' ಎಂಬ ಅರ್ಥದ ವಾಕ್ಯವನ್ನು ಪೂರ್ತಿ ಟೈಪ್ ಮಾಡಿ ಎಂದಿತು. ಅವರು ಮಾಡಿದರು. ಡೆಸ್ಕ್‌ಟಾಪ್ ಹೋಯಿತು. ಲಕ್ಷಾಂತರ ಜನ ಆ ವಿಡಿಯೋ ನೋಡಿ ನಕ್ಕರು, ಲಿನಕ್ಸ್‌ನವರು ನಗದೆ ತಮ್ಮ ತಪ್ಪು ತಿದ್ದಿಕೊಂಡರು. ಎಪಿಟಿಯ ಮುಂದಿನ ಆವೃತ್ತಿಗಳಲ್ಲಿ ಆ ವಾಕ್ಯ ಟೈಪ್ ಮಾಡಿ ದಾಟುವ ದಾರಿಯನ್ನೇ ಮುಚ್ಚಲಾಯಿತು. ಯಂತ್ರಗಳ ನಡುವೆಯೇ ಬದುಕುವ ವ್ಯಕ್ತಿಗೇ ಹೀಗಾದರೆ ಪ್ಲಸ್ ಟು ಓದುವ ಮಗುವನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಈಗಾಗಲೇ ಒತ್ತಿಬಿಟ್ಟಿದ್ದರೂ ದಾರಿ ಇದೆ. ಏನೇನು ತೆಗೆಯಲಾಯಿತು, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಎಪಿಟಿ 'ವಾರ್' ಫೋಲ್ಡರ್‌ನೊಳಗಿನ 'ಲಾಗ್', ಅದರೊಳಗಿನ 'ಎಪಿಟಿ' ಫೋಲ್ಡರ್‌ನಲ್ಲಿ 'ಹಿಸ್ಟರಿ ಡಾಟ್ ಲಾಗ್' ಎಂಬ ಕಡತದಲ್ಲಿ ಬರೆದಿಟ್ಟಿರುತ್ತದೆ. ಶಾನುಭೋಗರ ಲೆಕ್ಕದ ಪುಸ್ತಕದಂತೆ ಅಚ್ಚುಕಟ್ಟು. ಅದನ್ನು ನೋಡಿ ಹೋದದ್ದನ್ನು ಮತ್ತೆ ಹಾಕಬಹುದು. ಹೋಮ್ ಫೋಲ್ಡರ್‌ನ ಫೋಟೋ, ಕಡತಗಳಿಗೆ ಇದರಿಂದ ಏನೂ ಆಗಿರುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಮಾತ್ರ ಅವು ಹೋಗುತ್ತವೆ.

ಡೆಬಿಯನ್‌ಗೆ ಉಬುಂಟುವಿನ ಭಂಡಾರ ಸೇರಿಸುವುದು, ಒಂದು ಆವೃತ್ತಿಗೆ ಮತ್ತೊಂದರ ಪ್ಯಾಕೇಜ್ ತುರುಕುವುದು ಕೂಡ ಇದೇ ಜಗಳದ ಬೀಜ. ಯಾವ ಪ್ಯಾಕೇಜ್ ಎಲ್ಲಿಂದ ಬಂದಿದೆ ಎಂದು 'ಎಪಿಟಿ ಪಾಲಿಸಿ' ಎಂಬ ಆಜ್ಞೆ ಪ್ಯಾಕೇಜಿನ ಹೆಸರಿನೊಂದಿಗೆ ಹೇಳುತ್ತದೆ. ಪೈಥಾನ್ ವಿಷಯದಲ್ಲಿ ಡೆಬಿಯನ್ 12ರಿಂದ ಒಂದು ಬೇಲಿ ಹಾಕಿದ್ದಾರೆ. ವ್ಯವಸ್ಥೆಯ ಪೈಥಾನ್ ಒಳಗೆ ಪಿಐಪಿ ಮೂಲಕ ನೇರವಾಗಿ ಏನನ್ನೂ ಹಾಕಲು ಅದು ಬಿಡುವುದಿಲ್ಲ, ಪ್ರತ್ಯೇಕ ಪರಿಸರ ಮಾಡಿಕೊಳ್ಳಿ ಎನ್ನುತ್ತದೆ. ಬೇಲಿ ಹಾರುವ ಉಪಾಯವೂ ಅಂತರಜಾಲದಲ್ಲಿದೆ. ಹಾರದಿರುವುದೇ ಒಳ್ಳೆಯದು.

ಟಚ್‌ಪ್ಯಾಡ್‌ಗೆ ಇಬ್ಬರು ಯಜಮಾನರು

ಬೆರಳು ಟಚ್‌ಪ್ಯಾಡ್ ಮೇಲೆ ಸರಿದಾಗ ಆ ಸುದ್ದಿ ಮೊದಲು ಕರ್ನಲ್‌ಗೆ, ಅಲ್ಲಿಂದ ಡ್ರೈವರ್ ಲೈಬ್ರರಿಗೆ, ಅಲ್ಲಿಂದ ಪರದೆ ನಿಭಾಯಿಸುವ ವ್ಯವಸ್ಥೆಗೆ, ಕೊನೆಗೆ ಡೆಸ್ಕ್‌ಟಾಪ್‌ಗೆ ತಲುಪುತ್ತದೆ. ಹಳೆಯ ಕಾಲದಲ್ಲಿ ನಡುವಿನ ಡ್ರೈವರ್ 'ಸಿನಾಪ್ಟಿಕ್ಸ್'. ಈಗಿನದು 'ಲಿಬಿನ್‌ಪುಟ್', ಅದರ 1.0 ಆವೃತ್ತಿ ಬಂದದ್ದು 2015ರಲ್ಲಿ. ಗ್ನೋಮ್ 2016ರಿಂದ ಲಿಬಿನ್‌ಪುಟ್ ಒಂದನ್ನೇ ನೆಚ್ಚಿಕೊಂಡಿದೆ. ಆದರೆ ಹತ್ತು ಹದಿನೈದು ವರ್ಷದ ಹಿಂದಿನ ಸಲಹೆಗಳು ಅಂತರಜಾಲದಲ್ಲಿ ಹಾಗೆಯೇ ಉಳಿದಿವೆ. ಟಚ್‌ಪ್ಯಾಡ್ ತೊಂದರೆ ಎಂದು ಹುಡುಕಿದರೆ 'ಸಿನಾಪ್ಟಿಕ್ಸ್ ಡ್ರೈವರ್ ಹಾಕಿ' ಎಂಬ ಉತ್ತರ ಸಿಗುತ್ತದೆ. ಹಾಕಿದ ಕೂಡಲೇ ಎಕ್ಸ್ ವ್ಯವಸ್ಥೆಯಲ್ಲಿ ಅದೇ ಮುಂದೆ ನಿಂತು ಲಿಬಿನ್‌ಪುಟ್ ಅನ್ನು ಹಿಂದೆ ತಳ್ಳುತ್ತದೆ. ಸೆಟ್ಟಿಂಗ್ಸ್ ಪುಟ ಮಾತನಾಡುವುದು ಲಿಬಿನ್‌ಪುಟ್ ಜತೆ, ಬಾಣ ಓಡಿಸುವುದು ಸಿನಾಪ್ಟಿಕ್ಸ್. ಗುಂಡಿ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಇದೂ ಒಂದು ಲೈಬ್ರರಿ ಜಗಳವೇ, ರೂಪ ಬೇರೆ ಅಷ್ಟೇ. ಸಿನಾಪ್ಟಿಕ್ಸ್ ಪ್ಯಾಕೇಜ್ ತೆಗೆದು ಯಂತ್ರವನ್ನು ಮತ್ತೆ ಶುರು ಮಾಡಿದರೆ ಸೆಟ್ಟಿಂಗ್‌ಗೆ ಜೀವ ಬರುತ್ತದೆ.

ಟಚ್‌ಪ್ಯಾಡನ್ನು ಬೆರಳಲ್ಲಿ ತಟ್ಟಿದರೆ ಕ್ಲಿಕ್ ಆಗುವುದಿಲ್ಲ ಎಂಬುದು ದೋಷವೇ ಅಲ್ಲ. ಗುಂಡಿ ಇರುವ ಟಚ್‌ಪ್ಯಾಡ್‌ಗಳಲ್ಲಿ ಲಿಬಿನ್‌ಪುಟ್ ಅದನ್ನು ಬೇಕೆಂದೇ ಬಂದ್ ಇಟ್ಟಿರುತ್ತದೆ. ಟಚ್‌ಪ್ಯಾಡ್ ಸೆಟ್ಟಿಂಗ್‌ನಲ್ಲಿ 'ಟ್ಯಾಪ್ ಟು ಕ್ಲಿಕ್' ಎಂಬುದನ್ನು ಚಾಲೂ ಮಾಡಬೇಕು. ಗ್ನೋಮ್ ತನ್ನ 2024ರ 46ನೇ ಆವೃತ್ತಿಯಲ್ಲಿ ಇದನ್ನು ಮೊದಲೇ ಚಾಲೂ ಇಡುವ ತೀರ್ಮಾನ ಮಾಡಿತು. ಅಷ್ಟು ವರ್ಷ ಎಷ್ಟು ಜನ ಟಚ್‌ಪ್ಯಾಡ್ ಕೆಟ್ಟಿದೆ ಎಂದು ಭಾವಿಸಿದರೋ!

ಟೈಪ್ ಮಾಡುವಾಗ ಬಾಣ ಜಿಗಿದು ಅಕ್ಷರಗಳು ಬೇರೆ ಸಾಲಿಗೆ ಬೀಳುವುದಕ್ಕೆ ಅಂಗೈ ತಾಗುವುದು ಕಾರಣ. 'ಟೈಪಿಸುವಾಗ ಟಚ್‌ಪ್ಯಾಡ್ ಬಂದ್' ಎಂಬ ಆಯ್ಕೆ ಇದಕ್ಕೆಂದೇ ಇದೆ.

'ಎಕ್ಸ್‌ಇನ್‌ಪುಟ್' ಆಜ್ಞೆಯಿಂದ ವೇಗ ಬದಲಿಸಿದೆ, ಮರುದಿನ ಹೋಯಿತು ಎನ್ನುವವರಿದ್ದಾರೆ. ಅದು ಹೋಗಲೇಬೇಕು. ಆ ಆಜ್ಞೆಯ ಮಾತು ಲಾಗೌಟ್ ಆಗುವ ತನಕ ಮಾತ್ರ. ಎಕ್ಸ್ ಬದಲು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಡೆಸ್ಕ್‌ಟಾಪ್ ಓಡುತ್ತಿದ್ದರಂತೂ ಎಕ್ಸ್‌ಇನ್‌ಪುಟ್‌ಗೆ ನಿಜವಾದ ಟಚ್‌ಪ್ಯಾಡ್ ಕಾಣುವುದೇ ಇಲ್ಲ. ಎಕ್ಸ್‌ಗೆಂದು ಬರೆದ ಸಂರಚನಾ ಕಡತಗಳನ್ನೂ ವೇಲ್ಯಾಂಡ್ ಓದುವುದಿಲ್ಲ. ಯಾವುದು ಓಡುತ್ತಿದೆ ಎಂದು ಮೊದಲು ತಿಳಿದು (ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಯಂತ್ರ ವಿವರದ ಪುಟದಲ್ಲಿ ಬರೆದಿರುತ್ತದೆ) ಅಲ್ಲಿಗೆ ಹೊಂದುವ ಸಲಹೆಯನ್ನೇ ಹುಡುಕಬೇಕು. ಟಚ್‌ಪ್ಯಾಡ್ ನಿಜಕ್ಕೂ ಬದುಕಿದೆಯೇ ಎಂಬ ಸಂದೇಹಕ್ಕೆ 'ಸುಡೊ ಲಿಬಿನ್‌ಪುಟ್ ಡೀಬಗ್-ಇವೆಂಟ್ಸ್' ಉತ್ತರ ಕೊಡುತ್ತದೆ. ಡೆಬಿಯನ್‌ನಲ್ಲಿ ಇದಕ್ಕೆ ಲಿಬಿನ್‌ಪುಟ್-ಟೂಲ್ಸ್ ಪ್ಯಾಕೇಜ್ ಬೇಕು. ಬೆರಳು ಆಡಿಸಿದಾಗ ಸಾಲುಗಳು ಸುರಿದರೆ ಯಂತ್ರ ಸರಿ ಇದೆ, ದೋಷ ಮೇಲಿನ ಪದರದಲ್ಲಿ. ಒಂದು ಸಾಲೂ ಬಾರದಿದ್ದರೆ ದೋಷ ಕೆಳಗಿನದು.

ತಮಿಳು, ಕನ್ನಡ, ಇಂಗ್ಲಿಷ್: ಒಂದೇ ಕೀಲಿಮಣೆ

ಈ ಕಣಿವೆಯಲ್ಲಿ ಕೀಲಿಮಣೆಯ ಮಾತು ಬೇರೆಯೇ. ಕಂಬಂ ಕಣಿವೆಯ ಒಕ್ಕಲಿಗ, ಕಾಪ್ಪಿಲಿಯ ಕುಟುಂಬಗಳು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತಾ ಬಂದಿವೆ. ಶಾಲೆಯ ಓದು, ಬರಹ, ಅಂಗಡಿ ವ್ಯವಹಾರ ಎಲ್ಲವೂ ತಮಿಳಿನಲ್ಲಿ. ಕನ್ನಡ ಲಿಪಿ ಕಲಿಯುವ ಆಸೆ ಇರುವ ಮಕ್ಕಳಿಗೆ ಹತ್ತಿರದಲ್ಲಿ ಶಾಲೆ ಸಿಗದಿದ್ದರೂ ಈ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅಕ್ಷರ ಸಿಗುತ್ತದೆ. ತಮಿಳಿಗೆ ತಮಿಳುನಾಡು ಸರಕಾರ 1999ರಲ್ಲಿ ಒಪ್ಪಿದ ತಮಿಳ್99 ವಿನ್ಯಾಸ, ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ, ಎಲ್ಲವೂ ಲಿನಕ್ಸ್‌ನಲ್ಲಿ ಹಣ ಕೊಡದೆ ದೊರೆಯುತ್ತವೆ. ನುಡಿ ತಂತ್ರಾಂಶ ಬಳಸಿದವರಿಗೆ ರಾವ್ ಅವರ ವಿನ್ಯಾಸ ಪರಿಚಿತ. ಲಿನಕ್ಸ್ ಪಟ್ಟಿಯಲ್ಲಿ ಅದರ ಹೆಸರು 'ಕಗಪ'. ಒತ್ತಕ್ಷರಕ್ಕೆ ನಡುವೆ ಇಂಗ್ಲಿಷ್ ಎಫ್ ಕೀಲಿ ಒತ್ತಬೇಕು, ಕೆ, ಎಫ್, ಕೆ ಒತ್ತಿದರೆ 'ಕ್ಕ'.

ಇಲ್ಲಿ ಕಾದಿರುವ ಗುಂಡಿಯೊಂದಿದೆ. ಉತ್ಸಾಹದಲ್ಲಿ ಇಂಗ್ಲಿಷ್ ವಿನ್ಯಾಸವನ್ನೇ ತೆಗೆದು ಇಡೀ ಯಂತ್ರಕ್ಕೆ ಕನ್ನಡ ಅಥವಾ ತಮಿಳು ಒಂದನ್ನೇ ಇಟ್ಟರೆ, ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್‌ನ ಇಂಗ್ಲಿಷ್ ಅಕ್ಷರಗಳು ಮೂಡುವುದಿಲ್ಲ. ಪರದೆಯಲ್ಲಿ ಕಾಣುವುದು ಬರೀ ಚುಕ್ಕೆ. ಪಾಸ್‌ವರ್ಡ್ ತಪ್ಪು ಎಂದು ಯಂತ್ರ ಹೇಳುತ್ತಲೇ ಇರುತ್ತದೆ, ಮನೆಯವರು ಮರೆತೆವೆಂದು ಭಾವಿಸುತ್ತಾರೆ. ಪಟ್ಟಿಯಲ್ಲಿ ಇಂಗ್ಲಿಷ್ ಯಾವಾಗಲೂ ಮೊದಲು ಇರಲಿ, ಉಳಿದವು ಅದರ ಕೆಳಗೆ. ಸಿಕ್ಕಿಕೊಂಡವರು ಲಾಗಿನ್ ಪರದೆಯ ಮೂಲೆಯಲ್ಲಿ ಭಾಷೆಯ ಗುರುತು ಇದೆಯೇ ಎಂದು ನೋಡಿ ಅಲ್ಲಿ ಬದಲಿಸಬಹುದು.

ಕೆಲವು ತಂತ್ರಾಂಶಗಳಲ್ಲಿ ಕನ್ನಡ ಬಂದು ಕೆಲವದರಲ್ಲಿ ಬರುವುದಿಲ್ಲ ಎಂದಾದರೆ ಮತ್ತೆ ಇಬ್ಬರು ಯಜಮಾನರ ಕಥೆ. ಐಬಸ್, ಎಫ್‌ಸಿಟಿಎಕ್ಸ್ ಎಂಬ ಎರಡು ಬರಹ ವ್ಯವಸ್ಥೆಗಳಿವೆ. ಒಂದನ್ನು ಹಾಕಿ, ಸರಿಬರಲಿಲ್ಲವೆಂದು ಮತ್ತೊಂದನ್ನು ಹಾಕಿದರೆ ತಂತ್ರಾಂಶಗಳಿಗೆ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ. ಡೆಬಿಯನ್‌ನಲ್ಲಿ 'ಐಎಂ-ಕಾನ್ಫಿಗ್' ಓಡಿಸಿ ಒಬ್ಬರನ್ನು ಆರಿಸಿ, ಮತ್ತೊಬ್ಬರನ್ನು ತೆಗೆದು, ಲಾಗೌಟ್ ಆಗಿ ಬರಬೇಕು. ಇನ್ನು ಒತ್ತಕ್ಷರ ಒಡೆದು ಕಾಣುವ ತೊಂದರೆ. ಎಲ್ಲ ಕಡೆ ಒಡೆದರೆ ಫಾಂಟ್ ಸಾಲದು, ಡೆಬಿಯನ್ ಭಂಡಾರದಲ್ಲಿರುವ ಲೋಹಿತ್, ಗುಬ್ಬಿ ಅಥವಾ ನವಿಲು ಫಾಂಟ್ ಹಾಕಿಕೊಳ್ಳಬೇಕು. ಒಂದೇ ಒಂದು ತಂತ್ರಾಂಶದಲ್ಲಿ ಒಡೆದರೆ ಫಾಂಟನ್ನು ದೂರಬೇಕಿಲ್ಲ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಲೈಬ್ರರಿಯ ಹಳೆಯ ಪ್ರತಿಯನ್ನು ಆ ತಂತ್ರಾಂಶ ತನ್ನೊಡನೆ ಹೊತ್ತು ತಂದಿರುವ ಸಾಧ್ಯತೆ ಹೆಚ್ಚು.

ಇದೇ ಸಮಸ್ಯೆಯನ್ನು ನೆರೆಯ ಕೇರಳ ಬೇರೆ ಬಗೆಯಲ್ಲಿ ನಿಭಾಯಿಸಿದೆ. ಅಲ್ಲಿನ ಶಾಲೆಗಳಿಗೆ ಐಟಿ ಅಟ್ ಸ್ಕೂಲ್ ಯೋಜನೆ ಮತ್ತು 2017ರಲ್ಲಿ ಅದರಿಂದ ರೂಪುಗೊಂಡ ಕೈಟ್ ಸಂಸ್ಥೆ ಒಂದೇ ಲಿನಕ್ಸ್ ಅನ್ನು, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿ, ಸಿದ್ಧಪಡಿಸಿ ಕೊಡುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗೆಂದು ಉಬುಂಟು ಆಧರಿಸಿದ ಹೊಸ ಆವೃತ್ತಿಯನ್ನು 2019ರಲ್ಲಿ ಪ್ರಕಟಿಸಿದಾಗ, ಇದರಿಂದ 3,000 ಕೋಟಿ ರೂಪಾಯಿ ಉಳಿತಾಯವೆಂದು ಸಂಸ್ಥೆ ಹೇಳಿಕೊಂಡಿತ್ತು. ಆ ಲೆಕ್ಕ ಏನೇ ಇರಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆ ಬರೆಯುವ ಯಂತ್ರವೂ ತಿರುವನಂತಪುರದ ಮಗುವಿನ ಯಂತ್ರವೂ ಒಳಗೆ ಒಂದೇ. ಒಂದರಲ್ಲಿ ಕಂಡ ದೋಷಕ್ಕೆ ಸಿಕ್ಕ ಮದ್ದು ಎಲ್ಲಕ್ಕೂ ಮದ್ದು. ತಮಿಳುನಾಡು ಯಂತ್ರವನ್ನು ಮಗುವಿನ ಕೈಗೇ ಕೊಟ್ಟಿತು, ಅದು ದೊಡ್ಡ ಮಾತು. ಆದರೆ ಕೊಟ್ಟ ಮೇಲೆ ಪ್ರತಿ ಯಂತ್ರವೂ ಒಂಟಿಯಾಯಿತು.

ತೇವಾರಂನಲ್ಲಿ ಹಳೆ ಯಂತ್ರ ಎಬ್ಬಿಸಲು ಹೊರಟವರು ನೆರೆಹೊರೆಯ ನಾಲ್ಕು ಮನೆಗಳಲ್ಲಾದರೂ ಒಂದೇ ಲಿನಕ್ಸ್, ಒಂದೇ ಆವೃತ್ತಿ ಹಾಕಿಕೊಂಡರೆ ಈ ಒಂಟಿತನ ತಕ್ಕಮಟ್ಟಿಗೆ ತಪ್ಪುತ್ತದೆ. ಹಾಕುವ ಮುನ್ನ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ಟಚ್‌ಪ್ಯಾಡ್, ಕೀಲಿಮಣೆ, ವೈಫೈ ನೋಡಿಕೊಳ್ಳಬೇಕು. ಅದರಿಂದ ಡಿಸ್ಕ್‌ನಲ್ಲಿರುವುದಕ್ಕೆ ಏನೂ ಆಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಸರಿಯಾಗಿ ನಡೆದ ಟಚ್‌ಪ್ಯಾಡ್ ಆಮೇಲೆ ಹಟ ಹಿಡಿದರೆ ಹುಡುಕಬೇಕಾದ್ದು ನಾವು ಸೇರಿಸಿದ್ದರಲ್ಲಿ. 'ಎಲ್‌ಎಸ್‌ಸಿಪಿಯು' ಆಜ್ಞೆಯ ಉತ್ತರದಲ್ಲಿ 64-ಬಿಟ್ ಎಂದಿದ್ದರೆ, ಹಿಂದೆ ಅದರಲ್ಲಿ 32-ಬಿಟ್ ವ್ಯವಸ್ಥೆ ಓಡುತ್ತಿದ್ದರೂ 64-ಬಿಟ್ ಆವೃತ್ತಿಯನ್ನೇ ಹಾಕಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಲಾಗಿದೆ.